ತೂಕಕ್ಕೆ ಕೊಂಡ ಪ್ಲೇನರ್

ಗುಜರಿಯವರ ಹುಡುಗರು ಸಮ್ಮಟಿಗೆ ಕೈಗೆತ್ತಿಕೊಳ್ಳುವ ಹೊತ್ತಿಗೆ ನಾನು ಮರದ ಮಿಲ್ಲಿನ ಅಂಗಳಕ್ಕೆ ಬಂದಿದ್ದೆ. ಬೀಡು ಕಬ್ಬಿಣದ ಯಂತ್ರಗಳನ್ನು ಲಾರಿಗೆ ಹೇರುವ ಮೊದಲು ಒಡೆದು ತುಂಡು ಮಾಡುತ್ತಾರೆ. ಗಟ್ಟಿ ಅನ್ನಿಸುವ ಬೀಡು ಏಟಿಗೆ ಸಿಕ್ಕರೆ ಬಳಪದಂತೆ ಮುರಿಯುತ್ತದೆ. ಹಲಗೆಯ ಮೈ ಹೆರೆದು ಸಮ ಮಾಡುವ, ಹನ್ನೆರಡು ಇಂಚು ಅಗಲದ ಆ ಪ್ಲೇನರ್ ಮಾಡಿನ ಮೂಲೆಯಲ್ಲಿ ಮೈಯೆಲ್ಲ ತುಕ್ಕಾಗಿ ನಿಂತಿತ್ತು. ಗುಜರಿ ದರಕ್ಕೆ ಮೇಲೆ ಕೆ.ಜಿ.ಗೆ ಐದು ರೂಪಾಯಿ ಹೆಚ್ಚು ಕೊಡುತ್ತೇನೆ, ಹಾಗೇ ಬಿಡಿ ಎಂದೆ. ತೂಕ ನಾಲ್ಕೂವರೆ ಕ್ವಿಂಟಾಲ್ ಬಂತು.

ನಮ್ಮ ಮಲೆನಾಡಿನ ಸಾಗರ ಪಟ್ಟಣದ ಸುತ್ತ ಇಂಥ ಯಂತ್ರಗಳು ಸಿಗುವುದಕ್ಕೆ ಕಾರಣವಿದೆ. 1996ರ ಡಿಸೆಂಬರ್‌ನಲ್ಲಿ ಅರಣ್ಯ ಕಡಿತದ ಬಗ್ಗೆ ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ ಮರದ ಮಿಲ್ಲುಗಳ ಮೇಲೆ ಹಿಡಿತ ಬಿಗಿಯಾಯಿತು. ಕಾಡಿಗೆ ಅದು ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೆಲಸ ನಿಂತ ಮಿಲ್ಲುಗಳಲ್ಲಿ ಒಳ್ಳೆಯ ಯಂತ್ರಗಳು ಮಳೆಗಾಲದಿಂದ ಮಳೆಗಾಲಕ್ಕೆ ತುಕ್ಕು ತಿನ್ನುತ್ತ ನಿಂತವು. ನನ್ನದರ ಮೈಮೇಲೆ ತಯಾರಕರ ಹೆಸರಿನ ಫಲಕ ಇರಲಿಲ್ಲ, ಎರಡು ರಿವೆಟ್ ತೂತುಗಳಷ್ಟೇ ಉಳಿದಿದ್ದವು.

ಮನೆಯ ಹಿಂದಿನ ಕೊಟ್ಟಿಗೆಯೇ ನನ್ನ ಕಾರ್ಯಾಗಾರ. ತೊಲೆಗೆ ಚೈನ್ ಪುಲ್ಲಿ ಕಟ್ಟಿ ಯಂತ್ರವನ್ನು ಇಳಿಸಿಕೊಂಡ ಮೊದಲ ವಾರ ಫೋಟೊ ತೆಗೆಯುವುದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಯಾವ ಬೋಲ್ಟ್ ಎಲ್ಲಿತ್ತು, ಯಾವ ತಗಡು ಯಾವ ಕಡೆ ಎಂಬುದು ಆರು ತಿಂಗಳ ನಂತರ ನೆನಪಿರುವುದಿಲ್ಲ. ಹಿಡಿದುಕೊಂಡಿದ್ದ ಬೋಲ್ಟುಗಳಿಗೆ ಸೀಮೆಎಣ್ಣೆ ಮತ್ತು ಗೇರ್ ಆಯಿಲ್ ಬೆರೆಸಿ ದಿನಕ್ಕೆರಡು ಸಲ ಬಿಟ್ಟು ಕಾದೆ. ಅಲಗು ತಿರುಗಿಸುವ ಶಾಫ್ಟಿನ ತುದಿಯ ಬೆಲ್ಟ್ ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ತೆಗೆಯುವ ಆಸೆಯನ್ನು ದಯವಿಟ್ಟು ಅದುಮಿಟ್ಟುಕೊಳ್ಳಿ. ಪುಲ್ಲಿಯನ್ನು ಹಿಡಿದೆಳೆಯುವ ಪುಲ್ಲರ್ ಹಾಕಿ ಬಿಗಿದು, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮತ್ತೆ ಕಾಲು ಸುತ್ತು ಬಿಗಿಯಬೇಕು. ನನ್ನದು ಐದನೆಯ ಬೆಳಿಗ್ಗೆ ಟಕ್ ಎಂದು ಸಡಿಲಾಯಿತು.

ಸಣ್ಣ ಭಾಗಗಳ ತುಕ್ಕನ್ನು ವಿದ್ಯುತ್ತಿನಿಂದ ಬಿಡಿಸಿದೆ. ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ವಾಷಿಂಗ್ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಯಂತ್ರದ ಭಾಗಕ್ಕೂ ಧನ ತಂತಿಯನ್ನು ಒಂದು ಹಳೆಯ ಕಬ್ಬಿಣದ ಸರಳಿಗೂ ಕೊಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಕಪ್ಪು ರಾಡಿಯಾಗಿ ಬಿಟ್ಟುಕೊಳ್ಳುತ್ತದೆ. ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಇಳಿಬಿಡಬಾರದು, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಜಲಜನಕವೂ ಹೊರಬರುವುದರಿಂದ ಡ್ರಮ್ ಅಂಗಳದಲ್ಲಿರಲಿ, ಹತ್ತಿರ ಬೆಂಕಿ ಬೇಡ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಅದನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸದೆ, ಬಣ್ಣ ಬಿಡಿಸುವ ದ್ರಾವಣ ಹಚ್ಚಿ ಹೆರೆದು ತೆಗೆದೆ.

ಇನ್ನು ಬೇರಿಂಗ್. ಇಂಥ ಯಂತ್ರದ ಜೀವ ಇರುವುದು ಅಲ್ಲಿ. ಬಣ್ಣ ಬಳಿದು ಮಿರಿಮಿರಿ ಮಾಡಿದ ಎಷ್ಟೋ ಯಂತ್ರಗಳನ್ನು ನೋಡಿದ್ದೇನೆ, ಚಾಲೂ ಮಾಡಿದರೆ ಗಡಗಡ ಎನ್ನುತ್ತವೆ. ನನ್ನದರಲ್ಲಿ ಬಾಲ್ ಬೇರಿಂಗ್ ಇರಲಿಲ್ಲ, ವೈಟ್ ಮೆಟಲ್ ಇತ್ತು. ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ಬೇರಿಂಗಿನಿಂದ ಬೆಳೆದ ಪದ್ಧತಿ ಇದು. ಹತ್ತರಲ್ಲಿ ಒಂಬತ್ತು ಪಾಲು ತವರ, ಉಳಿದದ್ದು ಆಂಟಿಮನಿ ಮತ್ತು ತಾಮ್ರ. ಶಾಫ್ಟು ಈ ಮೆದು ಲೋಹದ ಮೇಲೆ ಎಣ್ಣೆಯ ಪದರದಲ್ಲಿ ತೇಲುತ್ತದೆ. ನನ್ನದರ ಲೋಹ ಸವೆದು ಒಂದು ಕಡೆ ಬಿರುಕು ಬಿಟ್ಟಿತ್ತು. ಅದನ್ನು ಕಿತ್ತೆಸೆದು ಬಾಲ್ ಬೇರಿಂಗ್ ಹಾಕಿಸಿ ಎಂದವರೇ ಹೆಚ್ಚು. ಹಾಗೆ ಮಾಡಲು ಚೌಕಟ್ಟಿನ ಎರಕವನ್ನೇ ಕೊರೆಯಬೇಕಿತ್ತು, ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಎರಡು ಭಾನುವಾರ ಬಂದು ಕಲಿಸಿಕೊಟ್ಟರು. ಶಾಫ್ಟಿನ ಅಳತೆಗೇ, ನಲವತ್ತು ಮಿ.ಮೀ.ಗೆ, ಲೇತ್‌ನಲ್ಲಿ ಒಂದು ಸರಳು ತಿರುವಿಸಿಕೊಂಡು ಅದನ್ನು ಬೇರಿಂಗಿನ ಜಾಗದಲ್ಲಿ, ಯಂತ್ರದ ಮೇಜಿಗೆ ಸಮಾನಾಂತರವಾಗಿ ಕೂರಿಸಿದೆವು. ಲೋಹ ಅಂಟದಿರಲಿ ಎಂದು ಸೀಮೆಎಣ್ಣೆ ಬುಡ್ಡಿಯ ಹೊಗೆಯಲ್ಲಿ ಸರಳಿಗೆ ಮಸಿ ಹಿಡಿಸಿದೆವು. ಇಕ್ಕೆಲದ ಸಂದಿಗೆ ಜೇಡಿಮಣ್ಣು ಮೆತ್ತಿ, ಬ್ಲೋ ಲ್ಯಾಂಪಿನಿಂದ ಒಣಗಿಸಿದೆವು. ಹಸಿಮಣ್ಣಿನ ಒಂದು ತೊಟ್ಟು ನೀರು ಕರಗಿದ ಲೋಹದಡಿ ಸಿಕ್ಕರೂ ಆವಿಯಾಗಿ ಲೋಹವನ್ನೇ ಮುಖಕ್ಕೆ ಚಿಮ್ಮಿಸುತ್ತದೆ. ವೈಟ್ ಮೆಟಲ್ ಸುಮಾರು 240 ಡಿಗ್ರಿಗೆ ಕರಗಲು ತೊಡಗುತ್ತದೆ, ಆದರೆ ಎರೆಯಲು ಅದಕ್ಕಿಂತ ಬಹಳ ಹೆಚ್ಚು ಕಾಯಬೇಕು. ಹಿರಿಯರು ಥರ್ಮಾಮೀಟರ್ ಕೇಳಲಿಲ್ಲ. ಒಣಗಿದ ಕಡ್ಡಿಯೊಂದನ್ನು ಅದ್ದಿ ತೆಗೆದರು. ಕಡ್ಡಿ ಹೊತ್ತಿಕೊಳ್ಳದೆ ಕಪ್ಪಾಗಿ ಕರಕಲಾದಾಗ, "ಈಗ ಎರೆಯಿರಿ ಮೇಷ್ಟ್ರೇ, ಎಳೆ ಮುರಿಯಬಾರದು" ಎಂದರು.

ನನ್ನ ಎಳೆ ಮುರಿಯಿತು. ಕೈ ಬಿಸಿಗೆ ಹೆದರಿ ಅರೆಗಳಿಗೆ ನಿಂತೆ. ತಣಿದ ಮೇಲೆ ನೋಡಿದರೆ ಲೋಹದೊಳಗೆ ಕೂದಲೆಳೆಯಂಥ ಒಂದು ಗೆರೆ. ಮೊದಲು ಹೊಯ್ದದ್ದೂ ಆಮೇಲೆ ಹೊಯ್ದದ್ದೂ ಬೆಸೆದುಕೊಂಡಿರಲಿಲ್ಲ. ಹಿರಿಯರು ಉಗುರಿನಿಂದ ಆ ಗೆರೆಯನ್ನು ಮುಟ್ಟಿ ನೋಡಿ, ಬೈಯದೆ, ಮತ್ತೆ ಕರಗಿಸಲು ಒಲೆ ಹೊತ್ತಿಸಿದರು. ಎರಡನೆಯ ಸಲ ಬೇರಿಂಗಿನ ಹೊರ ಕವಚವನ್ನು ಇನ್ನೂ ಹೆಚ್ಚು ಕಾಯಿಸಿ, ಉದ್ದ ತೋಳಿನ ಕೈಗವಸು ಹಾಕಿಕೊಂಡು ಒಂದೇ ಧಾರೆಯಲ್ಲಿ ಎರೆದೆ.

ಎರೆದ ಮೇಲೆ ಹೆರೆಯುವ ಕೆಲಸ. ಶಾಫ್ಟಿಗೆ ಪ್ರಷ್ಯನ್ ಬ್ಲೂ ತೆಳುವಾಗಿ ಸವರಿ, ಬೇರಿಂಗಿನಲ್ಲಿಟ್ಟು ತಿರುಗಿಸಿ ಎತ್ತಿದರೆ ಎತ್ತರವಿರುವಲ್ಲಿ ಮಾತ್ರ ನೀಲಿ ಚುಕ್ಕೆ ಬೀಳುತ್ತದೆ. ಆ ಚುಕ್ಕೆಯನ್ನಷ್ಟೇ ಸ್ಕ್ರೇಪರಿನಿಂದ ಹೆರೆದು ಮತ್ತೆ ಇಡಬೇಕು. ಮೊದಲ ಸಂಜೆ ಎರಡೇ ಚುಕ್ಕೆಗಳಿದ್ದವು. ಹನ್ನೊಂದನೆಯ ಸಂಜೆಗೆ ಜೋಳ ಚೆಲ್ಲಿದಂತೆ ಬೇರಿಂಗಿನ ತುಂಬ ನೀಲಿ ಹರಡಿತು. ಶಾಲೆ ಮುಗಿಸಿ ಬಂದು ಆ ಹನ್ನೊಂದು ಸಂಜೆ ಕುಳಿತದ್ದರಷ್ಟು ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ. ಮೇಲಿನ ಮುಚ್ಚಳದಡಿ ಹಿತ್ತಾಳೆಯ ತೆಳು ತಗಡುಗಳನ್ನಿಟ್ಟು ಎಣ್ಣೆಗೆ 0.05 ಮಿ.ಮೀ. ಜಾಗ ಬಿಟ್ಟೆವು. ಮುಂದೆ ಲೋಹ ಸವೆದರೆ ಒಂದು ತಗಡು ತೆಗೆದು ಬಿಗಿದರೆ ಆಯಿತು.

ಒಂದನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಅಲಗುಗಳನ್ನು ಹಿಡಿದು ಶಾಫ್ಟಿನೊಂದಿಗೆ ತಿರುಗುವ ತುಂಡಿಗೆ ಕಟ್ಟರ್ ಬ್ಲಾಕ್ ಎನ್ನುತ್ತಾರೆ, ಮೂಲದಲ್ಲಿದ್ದದ್ದು ಚೌಕದ್ದು. ಅದರ ಚಪ್ಪಟೆ ಮೈ ಮೇಲೆ ಬಂದಾಗ ಮೇಜಿನ ಅಂಚಿಗೂ ಬ್ಲಾಕಿಗೂ ನಡುವೆ ಎರಡು ಬೆರಳು ಇಳಿಯುವಷ್ಟು ಕಂದಕ ತೆರೆಯುತ್ತದೆ. ಮರ ಜಾರಿದರೆ ಕೈ ನೇರ ಅದರೊಳಗೆ. ಕೈಯಿಂದ ಮರ ತಳ್ಳುವ ಪ್ಲೇನರುಗಳಲ್ಲಿ ದುಂಡು ಬ್ಲಾಕೇ ಇರಬೇಕೆಂದು ಬ್ರಿಟನ್ 1922ರಲ್ಲೇ ನಿಯಮ ಮಾಡಿತ್ತು. ಹಳೆಯದರ ಮೇಲಿನ ಪ್ರೀತಿ ಬೆರಳಿಗಿಂತ ದೊಡ್ಡದಲ್ಲ. ಅದೇ ಅಳತೆಯ ಶಾಫ್ಟಿರುವ ದುಂಡು ಬ್ಲಾಕನ್ನು ಮಾಡಿಸಿ, ಸಮತೂಕ ಪರೀಕ್ಷೆ ಮಾಡಿಸಿದೆ. ಖರ್ಚಿನಲ್ಲಿ ಅರ್ಧ ಪಾಲು ಇದಕ್ಕೇ ಹೋಯಿತು. ಚೌಕ ಬ್ಲಾಕು ಈಗ ಎಣ್ಣೆ ಬಟ್ಟೆ ಸುತ್ತಿ ಕಪಾಟಿನಲ್ಲಿದೆ.

ಮನೆಯಲ್ಲಿರುವುದು ಸಿಂಗಲ್ ಫೇಸ್. ಎರಡು ಎಚ್.ಪಿ.ಯ ಮೂರು ಫೇಸ್ ಮೋಟಾರನ್ನು ಎಲೆಕ್ಟ್ರಿಷಿಯನ್ ಸ್ಟಾರ್‌ನಿಂದ ಡೆಲ್ಟಾ ಜೋಡಣೆಗೆ ಬದಲಿಸಿ, 230 ವೋಲ್ಟಿಗೆ ನಡೆಯುವ ವಿ.ಎಫ್.ಡಿ., ಅಂದರೆ ಸಿಂಗಲ್ ಫೇಸನ್ನು ಮೂರು ಫೇಸ್ ಮಾಡಿ ಮೋಟಾರಿನ ವೇಗವನ್ನೂ ಹೆಚ್ಚು ಕಡಿಮೆ ಮಾಡುವ ಸಾಧನ, ಕೂರಿಸಿದರು. ಮೋಟಾರು ನಿಮಿಷಕ್ಕೆ 1440 ಸುತ್ತು. 150 ಮಿ.ಮೀ. ಪುಲ್ಲಿಯಿಂದ 60ರ ಪುಲ್ಲಿಗೆ ಬೆಲ್ಟ್ ಕೊಟ್ಟರೆ ಬ್ಲಾಕಿಗೆ ಸುಮಾರು 3600 ಸಿಗುತ್ತದೆ. ಬೆಲ್ಟಿಗೂ ಬ್ಲಾಕಿಗೂ ಕಾವಲು ಹೊದಿಸಿದ ಮೇಲೆಯೇ ಸ್ವಿಚ್ ಒತ್ತಿದ್ದು. ಮೊದಲ ದಿನ ನಿಧಾನಗತಿಯಲ್ಲಿ ಓಡಿಸುತ್ತ, ಹತ್ತು ಹತ್ತು ನಿಮಿಷಕ್ಕೆ ನಿಲ್ಲಿಸಿ ಬೇರಿಂಗಿನ ಮೇಲೆ ಅಂಗೈ ಇಟ್ಟು ನೋಡಿದೆ. ಉಗುರುಬೆಚ್ಚಗಿತ್ತು, ಅಷ್ಟೇ.

ಮೊದಲು ತಳ್ಳಿದ್ದು ಹಲಸಿನ ಹಲಗೆ, ಅಜ್ಜನ ಕಾಲದ ಪಣತದ (ಭತ್ತದ ಕಣಜದ) ಬಾಗಿಲಿನದು. ಕಪ್ಪು ಹೊದಿಕೆ ಒಂದು ಕೂದಲಷ್ಟು ಸರಿದು ಅರಿಶಿನದ ಬಣ್ಣ ಹೊರಬಂತು. ಮೇಜಿನ ತುದಿಯಲ್ಲಿ ಹಲಗೆ ಹಿಡಿದುಕೊಳ್ಳಲು ನಿಂತಿದ್ದ ಹಿರಿಯರು ಹಲಗೆಯನ್ನು ನೋಡಲೇ ಇಲ್ಲ. ತಲೆ ಬಗ್ಗಿಸಿ ಬೇರಿಂಗಿನ ಸದ್ದು ಕೇಳುತ್ತಿದ್ದರು. ನಿಲ್ಲಿಸಿದ ಮೇಲೆ, "ಎಡಗಡೆಗೆ ಇನ್ನು ನಾಲ್ಕು ಹನಿ ಎಣ್ಣೆ ಬೇಕು" ಎಂದರು.