ಸ್ಲೈಸ್ ಬಿಡಿಸಿಕೊಂಡ ಬಗೆ: ನನ್ನ ಅನುಭವ

ಬಲಗೈಯಲ್ಲಿ ಗಾಲ್ಫ್ ಆಡುವವರನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಸ್ಲೈಸ್. ಹೊಡೆದಾಗ ಚೆಂಡು ಚೆನ್ನಾಗೇ ಹೊರಡುತ್ತದೆ, ಆಮೇಲೆ ಬಲಕ್ಕೆ ವಾಲುತ್ತಾ ಹೋಗಿ ಪೊದೆ ಸೇರುತ್ತದೆ. ನಾನು ಆಡುವುದು ಚಿಕ್ಕಮಗಳೂರಿನಲ್ಲಿ, ಅಭ್ಯಾಸ ಮಾತ್ರ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ. ಸ್ಲೈಸ್ ಆದಾಗಲೆಲ್ಲ ಕ್ಯಾಡಿಯಿಂದ (ಚೀಲ ಹೊರುವ ಸಹಾಯಕ) ಹಿಡಿದು ಜೊತೆಗೆ ಆಡುವವರವರೆಗೆ ಎಲ್ಲರದೂ ಒಂದೇ ಮಾತು: "ಸಾರ್, ತಲೆ ಎತ್ತಿದ್ರಿ." ತಲೆ ಅಲ್ಲಾಡದಂತೆ ನಿಂತು ಹೊಡೆದು ನೋಡಿ, ಆಗಲೂ ಚೆಂಡು ಬಲಕ್ಕೇ ಬಾಗುತ್ತದೆ. ಕಾರಣ ಇರುವುದು ಕ್ಲಬ್, ಅಂದರೆ ಹೊಡೆಯುವ ಕೋಲು, ಚೆಂಡಿಗೆ ತಾಗುವ ಆ ಗಳಿಗೆಯಲ್ಲಿ.

ಆ ಗಳಿಗೆ ಮೊಬೈಲಿಗೂ ಸಿಗುವುದಿಲ್ಲ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ತೆಗೆದರೂ ಎರಡು ಫ್ರೇಮ್‌ಗಳ ನಡುವೆ 4 ಮಿಲಿಸೆಕೆಂಡ್ ಅಂತರ ಇರುತ್ತದೆ. ಕ್ಲಬ್ಬೂ ಚೆಂಡೂ ಅಂಟಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಅಷ್ಟೇ. ಹಾಗಾಗಿ ವಿಡಿಯೋ ನೋಡಿ ಮೊಣಕೈ ಸರಿಯಿಲ್ಲ, ಸೊಂಟ ಸರಿಯಿಲ್ಲ ಅಂತ ಎಲ್ಲವನ್ನೂ ತಿದ್ದಲು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಚೆಂಡು ಏನು ಹೇಳುತ್ತಿದೆ ನೋಡಬೇಕು.

ಚೆಂಡು ಯಾವ ದಿಕ್ಕಿಗೆ ಹೊರಟಿತು ಅನ್ನುವುದು ಬಹುಪಾಲು ಕ್ಲಬ್‌ಫೇಸ್, ಅಂದರೆ ಚೆಂಡಿಗೆ ತಾಗುವ ಕ್ಲಬ್ಬಿನ ಮುಖ, ಎತ್ತ ನೋಡುತ್ತಿತ್ತು ಎಂಬುದರ ಲೆಕ್ಕ. ಐರನ್‌ನಲ್ಲಿ (ಲೋಹದ ತೆಳು ತಲೆಯ ಕ್ಲಬ್) ನೂರಕ್ಕೆ ಸುಮಾರು 75 ಭಾಗ, ಡ್ರೈವರ್‌ನಲ್ಲಿ (ದೂರ ಹೊಡೆಯುವ ದೊಡ್ಡ ತಲೆಯ ಕ್ಲಬ್) 85 ಭಾಗ. ಸ್ವಿಂಗ್ ಯಾವ ದಾರಿಯಲ್ಲಿ ಬಂತೋ ಆ ಕಡೆಗೇ ಚೆಂಡು ಹೊರಡುತ್ತದೆ ಅಂತ ಹಿಂದೆ ಕಲಿಸುತ್ತಿದ್ದರು, ಚೆಂಡಿನ ಹಾದಿ ಅಳೆಯುವ ರಾಡಾರ್ ಬಂದ ಮೇಲೆ ಅದು ತಪ್ಪು ಅಂತ ಗೊತ್ತಾಯಿತು. ಬಾಗುವುದು ಮಾತ್ರ ಕ್ಲಬ್ಬಿನ ಮುಖಕ್ಕೂ ಸ್ವಿಂಗಿನ ದಾರಿಗೂ ಇರುವ ವ್ಯತ್ಯಾಸದಿಂದ. ನನ್ನ ಚೆಂಡು ಸ್ವಲ್ಪ ಎಡಕ್ಕೆ ಹೊರಟು ಜೋರಾಗಿ ಬಲಕ್ಕೆ ಬಾಗುತ್ತಿತ್ತು. ಅಂದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ದುಕೊಂಡು ಬರುತ್ತಿದೆ, ಆ ದಾರಿಗೆ ಹೋಲಿಸಿದರೆ ಮುಖ ತೆರೆದಿದೆ, ಅಂದರೆ ಬಲಕ್ಕೆ ತಿರುಗಿದೆ.

ಮಳೆಗಾಲದಲ್ಲಿ ಇಷ್ಟೂ ಕಾಣುವುದಿಲ್ಲ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲವಲ್ಲ, ಹಾಗಾಗಿ ಮಾಡಿನ ಕೆಳಗೆ ಬಲೆ ಕಟ್ಟಿ ಹೊಡೆಯಬೇಕು, ಚೆಂಡು ಎರಡು ಮಾರು ಹೋಗುವಷ್ಟರಲ್ಲಿ ಬಲೆಗೆ ಬಿದ್ದಿರುತ್ತದೆ. ಆಗ ಡ್ರೈವರ್ ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಬಳಿಯುತ್ತೇನೆ. ಹೊಡೆದ ಮೇಲೆ ಬಿಳಿಯ ನಡುವೆ ರೂಪಾಯಿ ನಾಣ್ಯದಷ್ಟು ಕಪ್ಪು ಗುರುತು ಉಳಿಯುತ್ತದೆ, ಚೆಂಡಿನ ಗುಳಿಗಳ ಅಚ್ಚು ಕೂಡ. ಥಂಡಿಗೆ ಪೌಡರ್ ಮುದ್ದೆಯಾಗುತ್ತದೆ, ಆಗಾಗ ಒರೆಸಿ ಮತ್ತೆ ಬಳಿಯಬೇಕು. ಗುರುತು ಹಿಮ್ಮಡಿ ಕಡೆ, ಅಂದರೆ ಶಾಫ್ಟ್ (ಕ್ಲಬ್ಬಿನ ಉದ್ದನೆಯ ದಂಡ) ಹತ್ತಿರ ಇದ್ದರೆ ಆ ಕಾರಣಕ್ಕೇ ಚೆಂಡು ಬಲಕ್ಕೆ ಬಾಗಬಹುದು, ಸುಮ್ನೆ ಸ್ವಿಂಗನ್ನು ಬೈಯಬಾರದು. ನನ್ನ ಗುರುತು ನಡುವೆಯೇ ಇತ್ತು. ಆ ಅನುಮಾನ ಅಲ್ಲಿಗೆ ಮುಗಿಯಿತು.

ತಿದ್ದಲು ಹಿಡಿದಿದ್ದು ಮುಖವನ್ನು, ದಾರಿಯನ್ನಲ್ಲ. ಇದು ಮುಖ್ಯ. ಚೆಂಡು ಬಲಕ್ಕೆ ಹೋಗುತ್ತಿರುವ ತನಕ ಮೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ, ಎಡಕ್ಕೆ ಎಳೆದಷ್ಟೂ ಸ್ಲೈಸ್ ಹೆಚ್ಚುತ್ತದೆ. ಹಾಗಾಗಿ ಗ್ರಿಪ್, ಅಂದರೆ ಕ್ಲಬ್ ಹಿಡಿಯುವ ರೀತಿ, ಬದಲಿಸಿದೆ. ಎಡಗೈಯನ್ನು ಬಲಕ್ಕೆ ತಿರುಗಿಸಿ, ಮೇಲಿಂದ ನೋಡಿದರೆ ಮೂರು ಗೆಣ್ಣು ಕಾಣುವಂತೆ ಹಿಡಿದೆ, ಹೆಬ್ಬೆರಳು ತೋರುಬೆರಳ ನಡುವಿನ ಗೆರೆ ಬಲ ಭುಜಕ್ಕೆ ನೇರವಾಗಿ. ಮೊದಲು ಕೈಯಲ್ಲಿ ಬೇರೆಯವರ ಕ್ಲಬ್ ಇದ್ದಂತೆ ಅನ್ನಿಸುತ್ತದೆ. ಚೆಂಡು ಬಾಗುವುದು ನಿಂತು ನೇರ ಎಡಕ್ಕೆ ಹೋಗತೊಡಗಿತು. ನೋಡುವವರಿಗೆ ಇದು ಇನ್ನೊಂದು ತಪ್ಪು, ನನಗೆ ಮಾತ್ರ ಖುಷಿ. ಮುಖ ಸರಿಯಾಯಿತು, ದಾರಿ ಒಂದೇ ಬಾಕಿ ಅಂತ ಅರ್ಥ ಅಲ್ವಾ?

ದಾರಿಗೆ ಬೇಕಾದ ಸಾಮಾನು ತೋಟದಲ್ಲೇ ಇತ್ತು. ನೆಟ್ಟಗಿನ ಅಡಿಕೆ ದಬ್ಬೆ ಒಂದನ್ನು ಕಾಲ್ಬೆರಳ ಮುಂದೆ ಗುರಿಯ ಕಡೆಗೆ ಇಟ್ಟೆ, ನಿಲುವು ಸೊಟ್ಟಗಾಗದಿರಲಿ ಅಂತ. ಚೆಂಡಿನಿಂದ ಒಂದು ಗೇಣು ಹಿಂದೆ, ನಾಲ್ಕು ಬೆರಳು ಆಚೆ, ಒಣಗಿದ ಅಡಿಕೆ ಹಾಳೆ ಮಡಚಿ ನಿಲ್ಲಿಸಿದೆ. ಕ್ಲಬ್ ಹೊರಗಿನಿಂದ ಬಂದರೆ ಹಾಳೆಗೆ ತಾಗಿ ಪಟ್ ಅನ್ನುತ್ತದೆ, ಕ್ಲಬ್ಬಿಗೇನೂ ಆಗುವುದಿಲ್ಲ. 7 ಐರನ್‌ನಲ್ಲಿ ನಿಧಾನವಾಗಿ, ಅರ್ಧ ಸ್ವಿಂಗ್‌ನಲ್ಲಿ ಶುರುಮಾಡಿ, ಹಾಳೆ ಸುಮ್ಮನಿರತೊಡಗಿದ ಮೇಲೆ ವೇಗ ಹೆಚ್ಚಿಸಿದೆ. ಭುಜ ಮೊದಲು ತಿರುಗಿದರೆ ಹಾಳೆ ಹಾರುತ್ತದೆ, ಭಾರ ಎಡಗಾಲಿಗೆ ಬಂದು ಕೈ ಕೆಳಗಿಳಿದ ಮೇಲೆ ತಿರುಗಿದರೆ ಹಾರುವುದಿಲ್ಲ. ಇದನ್ನು ಯಾರೂ ಬಾಯಲ್ಲಿ ಹೇಳಿಕೊಡಬೇಕಾಗಿಲ್ಲ.

ಮಳೆ ಬಿಟ್ಟ ಮೇಲೆ ಮೆತ್ತಗಿನ ನೆಲದಲ್ಲಿ ಡಿವಟ್, ಅಂದರೆ ಕ್ಲಬ್ ಕೊರೆದ ಮಣ್ಣಿನ ಗುರುತು, ನೋಡಿ ಖಾತ್ರಿ ಮಾಡಿಕೊಂಡೆ. ಚೆಂಡಿಗೆ ತಾಗಿದ ಮೇಲೇ ಮಣ್ಣು ಏಳುವುದರಿಂದ ಆ ಗುರುತು ತುಸು ಎಡಕ್ಕೆ ತಿರುಗಿದ್ದರೆ ಗಾಬರಿ ಬೇಡ. ಡ್ರೈವರ್‌ನಲ್ಲಿ ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ) ಕಡಿಮೆ, ಅದಕ್ಕೇ ಅದೇ ತಪ್ಪು ಅಲ್ಲಿ ಜಾಸ್ತಿ ಬಾಗಿ ಕಾಣುತ್ತದೆ, ಹಾಗಾಗಿ ಅದನ್ನು ಕೊನೆಗೆ ಹಿಡಿಯಿರಿ. ಚೆಂಡು ಎಡಕ್ಕೆ ಬಾಗಲು ಶುರುವಾದರೆ ನಾನು ಗೆಣ್ಣು ಮೂರರ ಬದಲು ಎರಡು ಕಾಣುವಷ್ಟು ಎಡಗೈಯನ್ನು ವಾಪಸ್ ತಿರುಗಿಸುತ್ತೇನೆ, ಬೇರೆ ಏನನ್ನೂ ಮುಟ್ಟುವುದಿಲ್ಲ.