ಮೀನಿನ ಡಬ್ಬಿಯಲ್ಲಿ ಕೊತ್ತಂಬರಿ: ಡೊಂಬಿವಲಿಯ ನನ್ನ ಅನುಭವ

ಮನೆಯಲ್ಲಿ ಸಾರಿನ ಪುಡಿಗೆ ತಂದ ಕೊತ್ತಂಬರಿ ಕಾಳಿನಿಂದ ಸೊಪ್ಪು ಬೆಳೆಯಲು ಆಗುವುದಿಲ್ಲ ಎಂದು ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಗಿಡದ ಹುಚ್ಚಿರುವವರೆಲ್ಲ ಹೇಳುತ್ತಿದ್ದರು. ಮಾಟುಂಗಾದಲ್ಲಿರುವ ನಮ್ಮ ಭಾವನಂತೂ "ಹತ್ತು ರೂಪಾಯಿಗೆ ಒಂದು ಕಟ್ಟು ಸಿಗ್ತದೆ, ಸುಮ್ನೆ ಯಾಕೆ ಮಾರಾಯ್ರೆ" ಎಂದು ನಗುತ್ತಿದ್ದರು. ಈ ಚಳಿಗಾಲದಲ್ಲಿ ಅವರ ಮನೆಗೂ ನಮ್ಮ ಸೊಪ್ಪೇ ಹೋಗಿದೆ.

ಬಿತ್ತುವ ಮೊದಲು ಕಾಳು ಒಡೆದು ರಾತ್ರಿ ನೀರಲ್ಲಿ ನೆನೆಸಬೇಕು. ಒಡೆಯಲು ಲಟ್ಟಣಿಗೆ ಬೇಡ, ಅರ್ಧಕ್ಕರ್ಧ ಪುಡಿಯಾಗುತ್ತದೆ. ನಾನು ಸ್ಟೀಲ್ ಬಟ್ಟಲಿನ ತಳದಿಂದ ಮೆಲ್ಲಗೆ ಉಜ್ಜುತ್ತೇನೆ. ಚಟ್ ಎಂದು ಎರಡು ಹೋಳಾದರೆ ಸಾಕು. ಮುಖ್ಯ ವಿಷಯ ಕಾಳು ಹೊಸದಾಗಿರಬೇಕು. ಲಾಲ್‌ಬಾಗ್‌ನ ಮಿರ್ಚಿ ಗಲ್ಲಿಯಲ್ಲಿ (ಮುಂಬೈ ಲಾಲ್‌ಬಾಗ್, ಬೆಂಗಳೂರಿನದ್ದಲ್ಲ) ಬೇಸಿಗೆಯ ಮಸಾಲೆ ಸೀಸನ್ನಿಗೆ ಹೊಸ ಕಾಳು ಬರುತ್ತದೆ. ಹಸಿರು ಛಾಯೆ ಇರುವುದನ್ನು ಆರಿಸಿ ಒಂದು ಹಿಡಿ ಎತ್ತಿಡುತ್ತೇನೆ. ಬೀಜದ ಪ್ಯಾಕೆಟ್ಟಿಗೆ ನಲವತ್ತು ಐವತ್ತು ರೂಪಾಯಿ ಸುರಿದಾಗಲೂ ಇದಕ್ಕಿಂತ ಜಾಸ್ತಿ ಹುಟ್ಟಿರಲಿಲ್ಲ.

ಆದರೆ ನನ್ನನ್ನು ಸೋಲಿಸಿದ್ದು ಬೀಜವಲ್ಲ, ಬೇರಿಗೆ ತಾಗುವ ಬಿಸಿ. ಕಿಟಕಿಯ ಗ್ರಿಲ್‌ನಲ್ಲಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡ ಮಧ್ಯಾಹ್ನ ಮುಟ್ಟಲಾಗದಷ್ಟು ಕಾಯುತ್ತಿತ್ತು. ಗಿಡ ಗೇಣುದ್ದ ಆಗುವ ಮೊದಲೇ ಎಲೆ ಸಬ್ಬಸಿಗೆಯಂತೆ ಸಣ್ಣಗಾಗಿ ಹೂ ಬಂತು. ಟ್ರೇಯಲ್ಲಿ ಸಸಿ ಮಾಡಿ ಕಿತ್ತು ನೆಟ್ಟರೆ ಇನ್ನೂ ಬೇಗ ಹೂವು. ಮಳೆಗಾಲದಲ್ಲಿ ಬುಡ ಕೊಳೆತು ಸಾಲುಸಾಲಾಗಿ ಮಲಗಿದವು. ಕುಂಡ, ಮಣ್ಣು, ಬೇವಿನ ಹಿಂಡಿ ಎಂದು ಸಾವಿರದ ಐನೂರರಷ್ಟು ಹೋಗಿರಬೇಕು. ಮನೆಯಲ್ಲಿ ಇಷ್ಟು ಅಂತ ಹೇಳಿಲ್ಲ.

ಆಮೇಲೆ ಹೊಳೆದದ್ದು ಮೀನು ಮಾರುಕಟ್ಟೆಯ ಥರ್ಮಾಕೋಲ್ ಡಬ್ಬಿ. ಐಸ್ ಕರಗದಂತೆ ತಡೆಯುವ ಡಬ್ಬಿ ಬೇರನ್ನೂ ತಂಪಾಗಿಡಬೇಕು, ಅಲ್ವಾ? ಇಪ್ಪತ್ತು ರೂಪಾಯಿಗೆ ಕೊಟ್ಟರು. ನಮ್ಮದು ಶುದ್ಧ ಸಸ್ಯಾಹಾರಿ ಮನೆ, ಅತ್ತೆಯವರು ಬಾಗಿಲಲ್ಲೇ ತಡೆದರು. ಸೋಪಿನ ನೀರಲ್ಲಿ ತೊಳೆದು, ಟೆರೇಸಿನಲ್ಲಿ ಬಿಸಿಲಿಗಿಟ್ಟು, ಅವರೇ ಮೂಸಿ ನೋಡಿ ಒಪ್ಪಿದ ಮೇಲೆ ಒಳಗೆ ಬಂತು.

ತಳಕ್ಕೆ ಸ್ಕ್ರೂಡ್ರೈವರ್‌ನಿಂದ ಏಳೆಂಟು ತೂತು. ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಹಳೇ ಕುಂಡದ ಮಣ್ಣು ಹೆಚ್ಚುಕಮ್ಮಿ ಸಮ, ಆರೇಳು ಇಂಚು ಆಳ. ಡಬ್ಬಿಯ ಕೆಳಗೆ ತಟ್ಟೆ ಇಡಲು ಮರೆಯಬೇಡಿ, ಕೆಳಗಿನ ಮನೆಯವರ ಬಟ್ಟೆ ಮೇಲೆ ನೀರು ಬಿದ್ದರೆ ದೂರು ಸೊಸೈಟಿ ಸೆಕ್ರೆಟರಿವರೆಗೆ ಹೋಗುತ್ತದೆ. ಬೀಜದ ಮೇಲೆ ಅರ್ಧ ಇಂಚು ಮಣ್ಣು, ಮೊಳಕೆ ಕಾಣುವವರೆಗೆ ಒದ್ದೆ ಗೋಣಿ. ಪೂರ್ವದ ಕಿಟಕಿ, ಬೆಳಗಿನ ಬಿಸಿಲು ಮಾತ್ರ. ನವೆಂಬರಿನಲ್ಲಿ ಹಾಕಿದ್ದು ಒಂದು ವಾರ ಹತ್ತು ದಿನಕ್ಕೆ ತಲೆ ಎತ್ತಿತು, ಒಂದೂವರೆ ತಿಂಗಳಿಗೆ ಮೊದಲ ಕೊಯ್ಲು. ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸಿ. ಆಮೇಲೆ ನಾನು ಏನು ಹಾಕುತ್ತೇನೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ, ಭಾವನಿಗೂ ಹೇಳಿಲ್ಲ.

ಕಾಳನ್ನು ಮಜ್ಜಿಗೆಯಲ್ಲಿ ನೆನೆಸಿ ನೋಡಿದೆ, ಬೂಷ್ಟು ಹಿಡಿಯಿತು. ಅಂಗಡಿ ಕಟ್ಟಿನ ಬೇರನ್ನು ನೆಟ್ಟೆ, ನಾಲ್ಕು ಎಲೆ ಬಿಟ್ಟು ಹೂವಾಯಿತು. ಮೆಂತ್ಯ ಮಾತ್ರ ಎಲ್ಲಿ ಹಾಕಿದರೂ ಬರುತ್ತದೆ, ಅದರಲ್ಲಿ ಮಜಾ ಇಲ್ಲ.

ದುಡ್ಡಿನ ಲೆಕ್ಕ ಕೇಳಿದರೆ, ಚಳಿಗಾಲದಲ್ಲಿ ಏನೂ ಉಳಿಯಲ್ಲ, ಆಗ ಮಾರುಕಟ್ಟೆಯಲ್ಲೂ ಕಟ್ಟು ಅಗ್ಗವೇ. ಉಳಿಯುವುದು ಮಳೆಗಾಲದಲ್ಲಿ. ನಾಸಿಕ್ ಕಡೆ ಜೋರು ಮಳೆಯಾದರೆ ಇಲ್ಲಿ ಕಟ್ಟಿಗೆ ನಲವತ್ತು ಐವತ್ತು ಹೇಳುತ್ತಾರೆ, ತರಕಾರಿ ಜೊತೆ ಸುಮ್ನೆ ಹಾಕಿಕೊಡುವವರೂ ಮುಖ ತಿರುಗಿಸುತ್ತಾರೆ. ಕಳೆದ ಜುಲೈನಲ್ಲಿ ಡಬ್ಬಿಯನ್ನು ಇರಚಲು ಬಡಿಯದ ಹಾಗೆ ಗಾಜಿನ ಒಳಗಿಟ್ಟು, ಮಣ್ಣಿನ ಮೇಲೆ ಒಣ ಮರಳು ಹರಡಿದ್ದೆ. ಮೂರರಲ್ಲಿ ಒಂದು ಪಾಲು ಗಿಡ ಉಳಿಯಿತು. ಆ ಕಾಲಕ್ಕೆ ಅದೇ ಬಂಗಾರ.

ಈಗ ಎರಡನೇ ಡಬ್ಬಿಯಲ್ಲಿ ಅರ್ಕಾ ಇಶಾ ಹಾಕಿದ್ದೇನೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೊತ್ತಂಬರಿ ತಳಿ, ಮತ್ತೆ ಮತ್ತೆ ಕೊಯ್ಯಬಹುದು. ಎಲೆ ಅಗಲವಾಗಿದೆ. ಪರಿಮಳದಲ್ಲಿ ಲಾಲ್‌ಬಾಗ್ ಕಾಳೇ ಮೇಲು ಎಂದು ನನ್ನ ಅಭಿಪ್ರಾಯ, ಅತ್ತೆಯವರು ಒಪ್ಪುವುದಿಲ್ಲ.