ಟೊಮೊಟೊ ಮಂಡಿ ಡೇಟಾಬೇಸು: ಕರೆಂಟ್ ಹೋದ್ರೂ ಒಂದು ಲಾಟೂ ಹೋಗದ ಹಾಗೆ ಮಾಡಿದ್ದು (ನನ್ನ ಅನುಭವ)

ಕೊನೆಗೂ ಆಯ್ತು ಕಣ್ರಪ್ಪ. "ಮಂಡಿ ಅಂಗಡೀಲಿ ಕ್ಲಸ್ಟರ್ (ಒಂದು ಬಿದ್ರೆ ಇನ್ನೊಂದು ಹಿಡಿಯೋ ಸರ್ವರ್ ಗುಂಪು) ಎಲ್ಲಾ ನಿಲ್ಲಲ್ಲ, ಕ್ಲೌಡಿಗೆ ಹಾಕಿ ಸುಮ್ನಿರು" ಅಂತ ಬೆಂಗಳೂರಿನ ಫ್ರೆಂಡ್ಸ್ ಎರಡು ವರ್ಷ ತಲೆ ತಿಂದ್ರು. ಕೋಲಾರ ಮಾರ್ಕೆಟ್‌ನಲ್ಲಿ ಹರಾಜು ನಡೀತಿರೋವಾಗ ನೆಟ್ ಕೈಕೊಟ್ರೆ ರೈತರಿಗೆ ಪಟ್ಟಿ (ಮಾರಿದ ಲಾಟಿನ ಲೆಕ್ಕದ ಚೀಟಿ) ಯಾರು ಬರೆದುಕೊಡೋದು? ಅದಕ್ಕೇ ಮಂಡಿ ಬಿಲ್ಲಿಂಗ್ ಡೇಟಾಬೇಸನ್ನ ಅಂಗಡೀಲೇ ನಡೆಸ್ತೀನಿ ಅಂತ ಹಠ ಹಿಡಿದೆ.

ಸೆಟಪ್ಪು ಎಲ್ಲರದ್ದೂ ಇರೋ ಥರಾನೇ. ಪೋಸ್ಟ್‌ಗ್ರೆಸ್ 15 ಡೇಟಾಬೇಸು, ಮೇಲೆ ಪ್ಯಾಟ್ರೋನಿ (ಒಂದು ಸರ್ವರ್ ಬಿದ್ರೆ ಇನ್ನೊಂದನ್ನ ಮುಂದೆ ತರೋ ಸಾಫ್ಟ್‌ವೇರು), ಎರಡು ಅಂಗಡೀಲಿ ಒಂದೊಂದು ಸರ್ವರ್ (ಬರೆಯೋದು ಪ್ರೈಮರಿ, ಅದರ ನಕಲು ಸ್ಟ್ಯಾಂಡ್‌ಬೈ), ಎಟ್‌ಸಿಡಿ (ಯಾವುದು ಪ್ರೈಮರಿ ಅಂತ ಬಹುಮತದ ಮೇಲೆ ಲೆಕ್ಕ ಇಡೋದು) ಓಟಿಗೆ ಮಾತ್ರ ಮೂರನೇದಾಗಿ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ. ಮುಂದೆ ಹೆಚ್ಎ ಪ್ರಾಕ್ಸಿ, ಬಿಲ್ಲಿಂಗನ್ನ ಆವಾಗಿನ ಪ್ರೈಮರಿಗೆ ಕಳಿಸೋದು ಅದೇ.

ಮೊದಲನೇ ಏಟು 2023ರ ಜುಲೈನಲ್ಲಿ ಬಿತ್ತು, 15 ಕೆಜಿ ಬಾಕ್ಸು 2 ಸಾವಿರ ದಾಟಿದ್ದ ಟೈಮು. ಕರೆಂಟ್ ಹೋಯ್ತು, ಪ್ರೈಮರಿ ಇದ್ದ ಅಂಗಡೀಲಿ ಯುಪಿಎಸ್ಸೂ ಮಲಗ್ತು, ಅರ್ಧ ನಿಮಿಷದಲ್ಲಿ ಸ್ಟ್ಯಾಂಡ್‌ಬೈ ಪ್ರೈಮರಿ ಆಯ್ತು, ನಾನು ಖುಷಿಯಾಗಿದ್ದೆ. ಹತ್ತು ನಿಮಿಷಕ್ಕೆ ಮಂಡಿ ಯಜಮಾನರ ಫೋನು: "ಏನಪ್ಪಾ, ಬರೆದಿರೋ ಲಾಟು ಕಾಣಿಸ್ತಿಲ್ವಲ್ಲ, ರೈತರು ಎದುರಿಗೇ ನಿಂತವ್ರೆ." ಹನ್ನೊಂದೋ ಹನ್ನೆರಡೋ ಲಾಟ್ ಮಾಯ. ನೂರು ಬಾಕ್ಸಿನ ಒಂದು ಲಾಟ್ ಅಂದ್ರೆ ಆವತ್ತಿನ ರೇಟಿಗೆ ಎರಡು ಲಕ್ಷ. ಆಮೇಲೆ ನೋಡಿದ್ರೆ ರೆಪ್ಲಿಕೇಶನ್ನು (ಸ್ಟ್ಯಾಂಡ್‌ಬೈಗೆ ನಕಲು ಹೋಗೋದು) ಅಸಿಂಕ್, ಅಂದ್ರೆ ನಕಲು ತಲುಪೋವರೆಗೆ ಕಾಯಲ್ಲ, ಎರಡು ಅಂಗಡಿ ಮಧ್ಯೆ ವೈಫೈ ಲಿಂಕು, ಅದು ಹಿಂದೆ ಬಿದ್ದಿತ್ತು. ಪ್ಯಾಟ್ರೋನಿ ಡಿಫಾಲ್ಟ್ ಆಗಿ 1 ಎಂಬಿ ಹಿಂದಿರೋ ಸ್ಟ್ಯಾಂಡ್‌ಬೈನೂ ಒಪ್ಕೊಳುತ್ತೆ. 1 ಎಂಬಿ ಏನ್ ಮಹಾ ಅನ್ಸುತ್ತೆ, ನಮ್ಮ ಲಾಟು ಒಂದೊಂದೂ ಕೆಲವೇ ಕೆಬಿ, ಲೆಕ್ಕ ಹಾಕ್ಕೊಳಿ.

ಮೂರು ಸಾವಿರ ಖರ್ಚು ಮಾಡಿ ಕೇಬಲ್ ಎಳೆಸಿ ಸಿಂಕ್ರೋನಸ್ ಮೋಡ್ ಹಾಕಿದೆ, ಸ್ಟ್ಯಾಂಡ್‌ಬೈಗೂ ತಲುಪಿದ್ಮೇಲೇ ಬರೆದಾಯ್ತು ಅನ್ನೋ ಉತ್ತರ. ಸ್ಟ್ರಿಕ್ಟ್ ಹಾಕಲಿಲ್ಲ, ಇರೋದೇ ಎರಡು, ಸ್ಟ್ಯಾಂಡ್‌ಬೈ ಬಿದ್ರೆ ಬಿಲ್ಲಿಂಗೇ ನಿಂತೋಗುತ್ತೆ. ಮಧ್ಯೆ ರಿಮೋಟ್ ರೈಟ್ ಅಂತಾನೂ ಒಂದು ವಾರ ಓಡಿಸ್ದೆ, ಚೂರು ಸ್ಪೀಡು ಸಿಗ್ತು, ಆದ್ರೆ ಅದ್ರಲ್ಲಿ ಸ್ಟ್ಯಾಂಡ್‌ಬೈ ಡಿಸ್ಕಿಗೆ ಬರೆಯೋದನ್ನ ಕಾಯಲ್ಲ, ನಮ್ಮ ಎರಡು ಅಂಗಡೀನೂ ಒಂದೇ ಲೈನು, ಹೋದ್ರೆ ಎರಡೂ ಒಟ್ಟಿಗೇ ಹೋಗೋದು. ತೆಗೆದು ವಾಪಸ್ "ಆನ್" ಮಾಡ್ದೆ, ಅದು ಸ್ಟ್ಯಾಂಡ್‌ಬೈ ಡಿಸ್ಕಿಗೆ ಬಿದ್ದ ಮೇಲೇ ಒಪ್ಕೊಳೋದು.

ಜಾಸ್ತಿ ದುಡ್ಡು ತಿಂದಿದ್ದು ಡಿಸ್ಕು. ಸಾಮಾನ್ಯ ಎಸ್ಎಸ್‌ಡಿ ಹಾಕಿದ್ದೆ. ಡಿಸ್ಕಿಗೆ ಬರೆಯೋ ವೇಗ ಅಳೆಯೋ ಪಿಜಿ ಟೆಸ್ಟ್ ಎಫ್‌ಸಿಂಕ್‌ನಲ್ಲಿ ಸೆಕೆಂಡಿಗೆ ಸಾವಿರಾರು ತೋರಿಸ್ತು, ಇಷ್ಟು ಕಮ್ಮಿ ರೇಟಿನ ಡಿಸ್ಕು ಇಷ್ಟು ಫಾಸ್ಟಾ ಅಂತ ಆವಾಗ್ಲೇ ಅನುಮಾನ ಬರಬೇಕಿತ್ತು, ಅದು ಬರೆಯೋ ಮುಂಚೆನೇ ಬರೆದೆ ಅಂತಿತ್ತು. ಒಂದು ರಾತ್ರಿ ಪ್ಲಗ್ ಕಿತ್ತೆ, ಆನ್ ಮಾಡಿದ್ರೆ ವ್ಯಾಲಿಡ್ ಚೆಕ್‌ಪಾಯಿಂಟ್ (ಮೆಮೊರೀಲಿರೋ ಬದಲಾವಣೆ ಎಲ್ಲಾ ಡಿಸ್ಕಿಗೆ ಇಳಿಸೋ ಹಂತ) ರೆಕಾರ್ಡ್ ಸಿಗ್ತಿಲ್ಲ ಅಂತ ಪ್ಯಾನಿಕ್. ಗಾಬರೀಲಿ ಪಿಜಿ ರೀಸೆಟ್‌ವಾಲ್ (ವಾಲ್ ಅನ್ನೋ ಬದಲಾವಣೆ ಲಾಗನ್ನ ಅಳಿಸಿ ಹೊಸದಾಗಿ ಶುರು ಮಾಡೋದು) ಹೊಡೆದೆ, ಯಾರೂ ಹೊಡೀಬೇಡಿ, ಡೇಟಾಬೇಸ್ ಎದ್ದೇಳುತ್ತೆ, ಒಳಗೆ ಇಂಡೆಕ್ಸು ಒಂದು ಹೇಳುತ್ತೆ ಟೇಬಲ್ಲು ಇನ್ನೊಂದು ಹೇಳುತ್ತೆ. ಕರೆಂಟ್ ಹೋದ್ರೂ ಕೈಲಿರೋದನ್ನ ಬರೆದು ಮುಗಿಸೋಕೆ ಕೆಪಾಸಿಟರ್ ಇರೋ ಹಳೇ ಸರ್ವರ್ ಎಸ್ಎಸ್‌ಡಿ ಎರಡು ತಂದೆ, ಸುಮಾರು 18 ಸಾವಿರ ಆಯ್ತು. ಎಟ್‌ಸಿಡಿಗೆ ಬೇರೆ ಸಣ್ಣ ಡಿಸ್ಕು ಕೊಟ್ಟೆ, ಒಂದೇ ಡಿಸ್ಕಲ್ಲಿದ್ದಾಗ ಚೆಕ್‌ಪಾಯಿಂಟ್ ಬಂದಾಗೆಲ್ಲಾ ಲೀಡರ್ ಎಲೆಕ್ಷನ್ ನಡೀತಿತ್ತು. ಅದು ಗೊತ್ತಾಗೋಕೆ ಮುಂಚೆ ಟಿಟಿಎಲ್ (ಪ್ರೈಮರಿ ಹಕ್ಕು ಎಷ್ಟು ಸೆಕೆಂಡ್ ಇರುತ್ತೆ ಅನ್ನೋದು) ಇಳಿಸಿ ಇನ್ನೂ ಹಾಳು ಮಾಡ್ಕೊಂಡಿದ್ದೆ, ಈಗ ಡಿಫಾಲ್ಟು 30 ಇದೆ, ವಾಚ್‌ಡಾಗ್ (ಪ್ಯಾಟ್ರೋನಿ ನಿಂತೋದ್ರೆ ಆ ಸರ್ವರ್‌ನ ರೀಬೂಟ್ ಮಾಡೋದು) ಕಡ್ಡಾಯ ಮಾಡಿದೀನಿ.

ಸ್ಪೀಡಿನ ಆಸೆಗೆ ಮ್ಯಾಕ್ಸ್ ವಾಲ್ ಸೈಜ್ 16 ಜಿಬಿ, ಚೆಕ್‌ಪಾಯಿಂಟ್ ಅರ್ಧ ಗಂಟೆಗೆ ಒಂದು ಅಂತ ಇಟ್ಟಿದ್ದೂ ಉಂಟು. ಕ್ರ್ಯಾಶ್ ಆದ್ಮೇಲೆ ರೀಡೂ (ವಾಲ್ ಓದಿ ಬದಲಾವಣೆ ಮತ್ತೆ ಹಾಕೋದು) ಏಳೆಂಟು ನಿಮಿಷ. ಪ್ಯಾಟ್ರೋನಿ ಪ್ರೈಮರಿ ಸ್ಟಾರ್ಟ್ ಟೈಮ್‌ಔಟ್ 300 ಸೆಕೆಂಡು ಕಾಯ್ತಾ ಕೂತಿತ್ತು, ಪಕ್ಕದಲ್ಲಿ ಸ್ಟ್ಯಾಂಡ್‌ಬೈ ಚೆನ್ನಾಗೇ ಇದ್ರೂ. ಈಗ 2 ಜಿಬಿ, 5 ನಿಮಿಷ, ಟೈಮ್‌ಔಟ್ 30. ರೀಡೂ ಇಪ್ಪತ್ತು ಸೆಕೆಂಡ್ ಆಸುಪಾಸು. ಪಿಜಿ ರಿವೈಂಡ್ (ಹಳೇ ಪ್ರೈಮರೀನ ಸ್ಟ್ಯಾಂಡ್‌ಬೈ ಆಗಿ ವಾಪಸ್ ಸೇರಿಸೋಕೆ) ಎರಡು ಸಲ ಬೇಕಾದ ವಾಲ್ ಇಲ್ಲ ಅಂತ ಕೂತ್ಕೊಳ್ತು, ವಾಲ್ ಕೀಪ್ ಸೈಜ್ ಏರಿಸಿದ್ಮೇಲೆ ತಕರಾರಿಲ್ಲ.

ಟೆಸ್ಟಿಗೆ ನಂದೇ ದಾರಿ. ಲ್ಯಾಪ್‌ಟಾಪಿಂದ ಒಂದು ಸ್ಕ್ರಿಪ್ಟು ನಂಬರ್ ಹಾಕ್ತಾ ಹೋಗುತ್ತೆ, ಕಮಿಟ್ ಅಂತ ಉತ್ತರ ಬಂದ ನಂಬರ್ ಮಾತ್ರ ಲ್ಯಾಪ್‌ಟಾಪಲ್ಲಿ ಬರ್ಕೊಳುತ್ತೆ. ಮಂಡಿ ಖಾಲಿಯಾದ್ಮೇಲೆ ಕ್ರೇಟುಗಳ ಮಧ್ಯೆ ಸ್ಟೂಲ್ ಹಾಕ್ಕೊಂಡು ಪ್ಲಗ್ ಕೀಳೋದು, ಹಾಕೋದು, ಎರಡು ಕಡೆ ನಂಬರ್ ಹೋಲಿಸೋದು. ನಲವತ್ತು ಸಲಕ್ಕೆ ಕಮ್ಮಿ ಇಲ್ಲ. ಮೊದಲ ಸಲ ಲಾಗಿನಲ್ಲಿ "ಇನ್ವಾಲಿಡ್ ರೆಕಾರ್ಡ್ ಲೆಂತ್" ನೋಡಿ ಎದೆ ಧಸಕ್ಕಂತು, ವಾಲ್ ಅಲ್ಲಿಗೆ ಮುಗೀತು ಅನ್ನೋದಷ್ಟೇ ಅದರರ್ಥ. ಡಿಸ್ಕ್ ಬದಲಾಯಿಸಿದ್ಮೇಲೆ ಉತ್ತರ ಬಂದಿರೋ ಒಂದು ನಂಬರೂ ತಪ್ಪಿಲ್ಲ.

ಉತ್ತರ ಬರೋ ಮುಂಚೆ ಕನೆಕ್ಷನ್ ಕಟ್ಟಾದ ಲಾಟು ಮತ್ತೆ ಕಳ್ಸಿದಾಗ ಎರಡು ಸಲ ಬೀಳದ ಹಾಗೆ ಬಿಲ್ಲಿಂಗ್ ಕಡೆ ಒಂದು ಉಪಾಯ ಮಾಡಿದೀನಿ, ಅದು ನನ್ನ ಹತ್ರಾನೇ ಇರ್ಲಿ.

ಒಟ್ಟು ನಲವತ್ತೈದು ಸಾವಿರದ ಒಳಗೇ ಮುಗೀತು, ಸರ್ವರ್ ಬಿಟ್ಟು. ಈ ಸೀಸನ್‌ನಲ್ಲಿ ಹರಾಜಿನ ಮಧ್ಯೆ ನಾಲ್ಕು ಸಲ ಕರೆಂಟ್ ಹೋಯ್ತು, ಪಟ್ಟಿ ಪುಸ್ತಕದ ಜೊತೆ ಕೂತು ಟ್ಯಾಲಿ ಮಾಡ್ದೆ, ನಾಲ್ಕೂ ಸಲ ಲಾಟ್ ಸರಿ. ಮಿನಿ ಪಿಸಿ ಯುಪಿಎಸ್ ಬ್ಯಾಟರಿ ಮಾತ್ರ ವೀಕ್ ಆಗಿದೆ, ಅದು ಹೋಗಿ ಜೊತೆಗೆ ಒಂದು ಸರ್ವರೂ ಹೋದ್ರೆ ಓಟು ಸಾಲಲ್ಲ, ಮುಂದಿನ ವಾರ ಹೊಸದು ಹಾಕಿಸ್ತಿದೀನಿ.